ಎಡಕ್ಕೆ ಎಳೆಯುವ ಗಾಡಿ

ಅಣ್ಣ ಶರ್ಟಿನ ಗುಂಡಿಗಳನ್ನು ಎಡಗೈಯಿಂದ ಹಾಕಿಕೊಳ್ಳುತ್ತಿರುವುದು ಕಣ್ಣಿಗೆ ಬಿದ್ದೊಡನೆ ಲೋಕೇಶ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. ಅಲ್ಲಿ ನೋಡುವಂಥದೇನೂ ಇರಲಿಲ್ಲ. ಹೋದ ತಿಂಗಳ ಹಾಳೆಯನ್ನೇ ಯಾರೂ ಹರಿದಿರಲಿಲ್ಲ. ಮನೋಹರ ಎದೆಯ ಹತ್ತಿರದ ಗುಂಡಿಯಲ್ಲಿ ತಡೆದು ನಿಂತ, ಬಲಗೈಯನ್ನು ಒಮ್ಮೆ ಒದರಿದ, ಮತ್ತೆ ಎಡಗೈಗೇ ಬಂದ. "ಈ ಟೈಲರು ಕಾಜಾನ ಸಣ್ಣ ಮಾಡವ್ನೆ ಕಣ್ಲಾ" ಎಂದ. ಲೋಕೇಶ ಹೂಂ ಎಂದ. ಶರ್ಟು ಹೊಸದಾಗಿರಲಿಲ್ಲ. ಕಾಲರು ಸವೆದು ದಾರ ಬಿಟ್ಟಿದ್ದ ಆ ಶರ್ಟಿನ ಕಾಜಾಗಳಲ್ಲಿ ಅವೇ ಗುಂಡಿಗಳು ವರ್ಷಗಟ್ಟಲೆ ಸಲೀಸಾಗಿ ತೂರಿ ಬಂದಿದ್ದವು. ಹೂಂ ಎನ್ನದೆ ಬೇರೆ ಏನಾದರೂ ಅನ್ನುವುದಕ್ಕೆ ಅದಕ್ಕಿಂತ ಸುಲಭದ ಗಳಿಗೆ ಇನ್ನೊಂದು ಸಿಗುವುದಿಲ್ಲವೆಂದು ಅವನಿಗೆ ಅನ್ನಿಸುವಷ್ಟರಲ್ಲಿ ಗುಂಡಿ ಕೂತಾಗಿತ್ತು. ಅಣ್ಣ ಕಾರಿನ ಕೀ ಹುಡುಕುತ್ತಿದ್ದ.

ಇವತ್ತು ಹೇಳಿಬಿಡಬೇಕೆಂದುಕೊಂಡೇ ಅವನು ವಾರದ ರಜೆಗೆ ಹೊಂಗನೂರಿಗೆ ಬಂದಿದ್ದ. ಹೇಳಬೇಕಾದದ್ದು ಇಷ್ಟೇ: ಅಣ್ಣ, ಎಡಕ್ಕೆ ಎಳೆಯುತ್ತಿರುವುದು ಗಾಡಿಯಲ್ಲ, ನಿನ್ನ ಬಲಗೈಯಲ್ಲಿ ಶಕ್ತಿ ಕಡಿಮೆಯಾಗುತ್ತಿದೆ, ಡಾಕ್ಟರಿಗೆ ತೋರಿಸೋಣ. ಬಿಡದಿಯಲ್ಲಿ ಕಾರುಗಳಿಗೆ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಅವನು ಇದಕ್ಕಿಂತ ಖಾರದ ಮಾತುಗಳನ್ನು ದಿನವೂ ಆಡುತ್ತಿದ್ದ. ಅಳತೆಗೆ ಕೂರದ ತುಂಡಿಗೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವುದು ಅವನ ಕೆಲಸ. ಅದನ್ನು ಮಾಡಿದವನು ಎದುರಿಗೇ ನಿಂತು ಮುಖ ಸಣ್ಣ ಮಾಡಿಕೊಂಡರೂ ಚೀಟಿ ಕಟ್ಟುವ ಕೈ ತಡೆಯುತ್ತಿರಲಿಲ್ಲ. ಲೋಕೇಶನಿಗೆ ಮುಖದಾಕ್ಷಿಣ್ಯವಿಲ್ಲ ಎಂದು ಅಲ್ಲಿ ಹೆಸರಾಗಿತ್ತು. ಆ ಹೆಸರನ್ನು ಅವನು ಇಷ್ಟಪಟ್ಟಿದ್ದ.

ನಿನ್ನೆ ಸಂಜೆ ಹುಳದ ಮನೆಯಲ್ಲಿ ಅತ್ತಿಗೆ ರಾಧಾಮಣಿ ಹಣ್ಣಾದ ಹುಳಗಳನ್ನು ಒಂದೊಂದಾಗಿ ಎತ್ತಿ, ಸುತ್ತು ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳವನ್ನು ಎತ್ತುವುದಕ್ಕೆ ಬೆರಳಲ್ಲಿ ಒಂದು ಹದ ಬೇಕು. ಬಿಗಿಯಾದರೆ ಹಿಸುಕಿಹೋಗುತ್ತದೆ, ಸಡಿಲವಾದರೆ ಬೀಳುತ್ತದೆ. ಅಣ್ಣನ ಕೈ ಆ ಕೆಲಸಕ್ಕೆ ಊರಲ್ಲೇ ಹೆಸರಾಗಿತ್ತು. "ಈ ಬೆಳೇಲಿ ನಿಮ್ಮಣ್ಣ ಹುಳನೇ ಮುಟ್ನಿಲ್ಲ ಕಣಪ್ಪ" ಎಂದಳು ಅತ್ತಿಗೆ, ತಟ್ಟೆಯಿಂದ ತಲೆಯೆತ್ತದೆ. "ಕೇಳಿದ್ರೆ ಕನ್ನಡಕ ಸರಿಯಿಲ್ಲ ಅಂತಾರೆ. ಯಾರೂ ಇಲ್ದಾಗ ಮುದ್ದೇನ ಎಡಗೈಲಿ ಮುರೀತಾರೆ. ಮಗಳು ಬಂದ್ಬುಟ್ರೆ ಬಲಗೈಲಿ ತಟ್ಟೆ ಮೇಲೆ ಸುಮ್ನೆ ಆಡಿಸ್ತಾ ಕುಂತಿರ್ತಾರೆ, ಹೊಟ್ಟೆ ತುಂಬ್ತು ಅಂತ ಎದ್ದೋಯ್ತಾರೆ. ನವ್ಯಂಗೆ ದಿನ ತುಂಬ್ತಾ ಬಂತು. ನೋವು ಬಂದ್ರೆ ಆಸ್ಪತ್ರೆಗೆ ನಾನೇ ನಮ್ಮ ಗಾಡೀಲಿ ಕರ್ಕಂಡೋಗೋದು ಅಂತ ಕುಂತವ್ರೆ. ನಂಗೆ ಆ ಗಾಡಿ ಹತ್ತೋಕೇ ಭಯ. ನೀನೇ ಒಂದ್ಮಾತು ಹೇಳು." ಹೇಳ್ತೀನಿ ಅತ್ತಿಗೆ ಎಂದಿದ್ದ. ಅವಳು ಒಂದು ಹುಳವನ್ನು ಬೆಳಕಿಗೆ ಹಿಡಿದು ಅದರ ಮೈ ಪಾರದರ್ಶಕವಾಗಿದೆಯೋ ಎಂದು ನೋಡಿ, ಹೇಳ್ತೀಯ ಅಲ್ವಾ ಎಂದು ಇನ್ನೊಮ್ಮೆ ಕೇಳಿದ್ದಳು.

ಕೊಟ್ಟಿಗೆಯಿಂದ ಕಾರು ಹೊರಗೆ ಬಂತು. ಅಪ್ಪ ಬೋರಲಿಂಗಯ್ಯ ಮೈಸೂರಿನ ಯಾರೋ ಲಾಯರರಿಂದ ಕೊಂಡ ಹಳೆಯ ಫಿಯೆಟ್, ಲೋಕೇಶನಿಗಿಂತ ಮೊದಲೇ ಹುಟ್ಟಿದ್ದು. ಮೂಲದಲ್ಲಿ ಅದು ನೆಲಕ್ಕೆ ತಗ್ಗಿ ಹೋಗುವ ಪೇಟೆಯ ಗಾಡಿ. ಊರಿನ ದಾರಿಯ ಕಲ್ಲುಗಳಿಗೆ ಅದರ ಹೊಟ್ಟೆ ತಾಗುತ್ತದೆಂದು ಮನೋಹರ ಹಿಂದಿನ ಸ್ಪ್ರಿಂಗಿಗೆ ಎರಡು ಪಟ್ಟಿ ಸೇರಿಸಿ, ಮುಂದೆ ಬೇರೆ ಯಾವುದೋ ದಪ್ಪ ಗಾಡಿಯ ಸುರುಳಿ ಸ್ಪ್ರಿಂಗು ಹಾಕಿಸಿ, ಅದನ್ನು ಗೇಣುದ್ದ ಎತ್ತರಿಸಿದ್ದ. ಆಮೇಲೆ ಅದು ಊರಿನ ಗಾಡಿಯಾಯಿತು. ಹಾವು ಕಚ್ಚಿದವರು, ಹೆರಿಗೆ ನೋವು ಬಂದವರು, ಪರೀಕ್ಷೆಗೆ ಹೊತ್ತಾದ ಹುಡುಗಿಯರು, ಎಲ್ಲರನ್ನೂ ಅದು ಚನ್ನಪಟ್ಟಣಕ್ಕೆ ಮುಟ್ಟಿಸಿತ್ತು. ಹೆರಿಗೆಯ ಹೆಂಗಸರಿಗೆ ಕುಲುಕು ಆಗಬಾರದೆಂದು ಅಣ್ಣ ಒಂದು ಪಟ್ಟಿಯನ್ನು ತೆಗೆಸುವುದು, ಗೂಡಿನ ಮೂಟೆ ಹೇರುವ ಕಾಲಕ್ಕೆ ಮತ್ತೆ ಹಾಕಿಸುವುದು ನಡೆದೇ ಇತ್ತು. ಹೀಗಾಗಿ ಈ ಗಾಡಿಯ ಚಕ್ರಗಳು ಎಷ್ಟು ವಾಲಿರಬೇಕು, ಎಷ್ಟು ಒಳಮುಖವಾಗಿರಬೇಕು ಎಂಬುದಕ್ಕೆ ಈಗ ಯಾವ ಪುಸ್ತಕದಲ್ಲೂ ಅಂಕಿ ಇರಲಿಲ್ಲ. ಬಿಡದಿಯ ಹೊಸ ಅಲೈನ್‌ಮೆಂಟ್ ಅಂಗಡಿಯಲ್ಲಿ ಕಂಪ್ಯೂಟರಿಗೆ ಕೂರಿಸಿದಾಗ ಅದರ ಪಟ್ಟಿಯಲ್ಲಿ ಈ ಕಾರಿನ ಹೆಸರೇ ಇರಲಿಲ್ಲ. ಹತ್ತಿರದ್ದೊಂದನ್ನು ಆರಿಸಿ ಅಳೆದರು. ಪರದೆಯ ಮೇಲೆ ಎಲ್ಲವೂ ಹಸಿರಾಯಿತು. ಊರು ಮುಟ್ಟುವಷ್ಟರಲ್ಲಿ ಅಣ್ಣ, "ಎಳೀತಾ ಐತೆ ಕಣ್ಲಾ, ಎಡಕ್ಕೆ" ಎಂದಿದ್ದ. ಅದಾದ ಮೇಲೆ ಮದ್ದೂರಿನ ಕಡೆಯ ಇನ್ನೊಂದು ಅಂಗಡಿ. ಅಲ್ಲಿಂದ ಬಂದ ಮೇಲೆಯೂ ಅದೇ ಮಾತು. ಇವತ್ತು ಹೊರಟಿದ್ದು ಮೂರನೆಯ ಕಡೆಗೆ.

ಲೋಕೇಶನಿಗೆ ಎರಡನೆಯ ಅಂಗಡಿಯಲ್ಲೇ ತಿಳಿದಿತ್ತು. ಅಣ್ಣ ಟೀ ಕುಡಿಯಲು ಹೋದಾಗ ತಾನೇ ಒಂದು ಸುತ್ತು ಓಡಿಸಿ ನೋಡಿದ್ದ. ಮಳೆನೀರು ಹರಿಯಲೆಂದು ರಸ್ತೆಯ ನಡುವನ್ನು ಉಬ್ಬಿಸಿ ಎರಡು ಪಕ್ಕಕ್ಕೂ ಇಳಿಜಾರು ಬಿಟ್ಟಿರುತ್ತಾರೆ. ಎಡಗಡೆ ಹೋಗುವ ಯಾವ ಗಾಡಿಯೂ ತುಸು ಎಡಕ್ಕೆ ಜಾರುತ್ತದೆ. ಓಡಿಸುವವನ ಕೈ, ಅವನಿಗೇ ಗೊತ್ತಿಲ್ಲದೆ, ತುಸು ಬಲಕ್ಕೆ ತಡೆದು ಹಿಡಿದಿರುತ್ತದೆ. ಎಡಗೈ ಗೇರಿನ ಮೇಲಿದ್ದಾಗ ಆ ತಡೆಯೆಲ್ಲ ಬಲಗೈಯದೇ. ಆ ಗೊತ್ತಿಲ್ಲದ ತಡೆ ಅಣ್ಣನ ಕೈಯಿಂದ ಹೊರಟುಹೋಗಿತ್ತು. ಇದು ತಿಳಿದಾಗ ಲೋಕೇಶನಿಗೆ ಮೊದಲು ಆದದ್ದು ದುಃಖವಲ್ಲ. ಕಾರಣ ಸಿಕ್ಕಿತಲ್ಲ ಎಂಬ ತೃಪ್ತಿ, ಕಾರ್ಖಾನೆಯಲ್ಲಿ ಆಗುವಂಥದೇ. ಆ ತೃಪ್ತಿಗಾಗಿ ಅವನು ಇವತ್ತಿಗೂ ನಾಚುತ್ತಿದ್ದ.

ಚನ್ನಪಟ್ಟಣ ದಾಟಿ ರಾಮನಗರದ ಕಡೆ ಹೊರಟಾಗ ಹೆದ್ದಾರಿಯುದ್ದಕ್ಕೂ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಕಡಿದ ಆಲದ ಮರಗಳ ಬೊಡ್ಡೆಗಳು ಕೆಂಪು ಮಣ್ಣಿನಲ್ಲಿ ಬಾಯ್ತೆರೆದು ಬಿದ್ದಿದ್ದವು. ಅಣ್ಣ ಎಡಗಡೆಯ ಜಲ್ಲಿ ರಾಶಿಗಳಿಗೆ ಮೈ ಒರೆಸುವಷ್ಟು ಹತ್ತಿರ ಹೋಗುತ್ತಿದ್ದ. ಹತ್ತಿರ ಹೋದಾಗೊಮ್ಮೆ "ನೋಡ್ದಾ, ಎಂಗೆ ಎಳೀತು" ಎನ್ನುತ್ತಿದ್ದ, ಗಾಡಿಯ ಮೇಲೆ ದೂರು ಹೇಳುವ ದನಿಯಲ್ಲಿ, ಮೊಂಡು ಎತ್ತಿನ ವಿಷಯ ಹೇಳುವಂತೆ. ಎಡ ಬಾಗಿಲಿನ ಉದ್ದಕ್ಕೂ ಹೊಸ ಗೀರೊಂದಿತ್ತು. ಲೋಕೇಶ ಆ ಬಾಗಿಲಿಗೇ ಒರಗಿ ಕೂತಿದ್ದ. ಮುಂದಿನ ಸೇತುವೆ ದಾಟಿದ ಮೇಲೆ ಹೇಳೋಣ ಎಂದುಕೊಂಡ. ಸೇತುವೆ ದಾಟಿದ ಮೇಲೆ ಲಾರಿಗಳು ಜಾಸ್ತಿಯಾದವು. ಓಡಿಸುವವನ ಜತೆ ಇಂಥ ಮಾತು ಆಡಬಾರದು ಎಂದುಕೊಂಡ. ಹೀಗೆ ಅಂದುಕೊಂಡದ್ದು ನ್ಯಾಯವಾಗಿಯೇ ಕಾಣುತ್ತಿತ್ತು. ಅವನ ಮನಸ್ಸು ಇತ್ತೀಚೆಗೆ ಮುಂದೂಡಲು ಹುಡುಕುವ ಕಾರಣಗಳೆಲ್ಲ ನ್ಯಾಯವಾಗಿಯೇ ಇರುತ್ತಿದ್ದವು.

ಇದ್ರೀಸನ ಗ್ಯಾರೇಜು ರಾಮನಗರದಾಚೆ, ಬೆಂಗಳೂರಿನ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಕಂಪ್ಯೂಟರು ಇರಲಿಲ್ಲ. ಮಟ್ಟಸವಾದ ಸಿಮೆಂಟಿನ ನೆಲ, ನೈಲಾನ್ ದಾರ, ಉಕ್ಕಿನ ಸ್ಕೇಲು, ರಸಮಟ್ಟ. ಇದ್ರೀಸ್ ದಪ್ಪಗಿನ, ಅವಸರದ, ನಗಿಸುತ್ತ ಕೆಲಸ ಮಾಡುವ ಮನುಷ್ಯ. ಕಾರಿನ ಕೆಳಗೆ ಬಗ್ಗಿ ಒಂದು ಸಲ ನೋಡಿ ಎದ್ದವನೇ, "ಯಜಮಾನ್ರೇ, ಫಿಯೆಟ್ಟು ತಂದಿದೀರೋ ಒಂಟೆ ತಂದಿದೀರೋ" ಎಂದ. ಮನೋಹರನಿಗೆ ಹಿಗ್ಗಾಯಿತು. ಎತ್ತರಿಸಿದ್ದು ತಾನೇ ಎಂದ.

"ಇದು ಖಾಲಿ ಓಡೋದು ಯಾವಾಗ?"

"ಖಾಲಿ ಯಾಕೆ ಓಡ್ತದೆ? ಜನಕ್ಕೆ ಅಂತ್ಲೇ ಎತ್ರ ಮಾಡ್ಸಿರೋದು."

"ಅದಕ್ಕೇ ಕೇಳಿದ್ದು. ಸ್ಪ್ರಿಂಗು ಬದಲಾಯಿಸಿರೋ ಗಾಡೀನ ಖಾಲಿ ನಿಲ್ಲಿಸಿ ಅಳೆದ್ರೆ ಜನ ಕೂತ ತಕ್ಷಣ ಲೆಕ್ಕ ಎಲ್ಲ ತಿರುಗುಮುರುಗು. ಯಾರ್ಯಾರು ಕೂರ್ತಾರೆ ಹೇಳಿ, ಅವರ ಭಾರ ಇಟ್ಟು ದಾರ ಕಟ್ತೀನಿ."

"ಮುಂದೆ ನಾನು. ಹಿಂದೆ ನಮ್ಮನೆಯವಳು, ಮಗಳು. ಮಗಳು ತುಂಬಿದ ಬಸುರಿ" ಎಂದ ಮನೋಹರ. "ಅವಳಿಗೆ ಅಂತ್ಲೇ ಬಂದಿರೋದು ಸಾಬ್ರೆ. ಊರ ಹೆಂಗಸ್ರೆಲ್ಲ ಇದ್ರಲ್ಲೇ ಹೋಗಿ ಹೆತ್ಕಂಡು ಬಂದವ್ರೆ. ನನ್ ಮಗಳು ಹೋಗೋ ಹೊತ್ಗೆ ಇದು ಎಡಕ್ಕೆ ಎಳೆದ್ರೆ ಎಂಗೆ?"

ಇದ್ರೀಸ್ ಸುತ್ತ ನೋಡಿ ಲೋಕೇಶನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಕಣ್ಣು ನಿಲ್ಲಿಸಿದ. "ಸಾರ್, ಹಿಂದೆ ಕೂತ್ಕೊಳ್ಳಿ. ಈಗ ನೀವು ಬಸುರಿ."

ಲೋಕೇಶ ಹಿಂದಿನ ಸೀಟಿನಲ್ಲಿ ಕೂತ. ಅತ್ತಿಗೆಯ ಬದಲು ಒಂದು ಮೂಟೆ ಸಿಮೆಂಟು ಪಕ್ಕಕ್ಕೆ ಬಂತು. ಇದ್ರೀಸ್ ಕಾರಿನ ತಗ್ಗನ್ನು ಕಣ್ಣಲ್ಲೇ ಅಳೆದು, ಈ ಬಸುರಿ ಒಣಗಿದೆ ಎಂದು, ಗೋಣಿಚೀಲ ಹಾಸಿ ಅವನ ತೊಡೆಯ ಮೇಲೊಂದು ಹಳೆಯ ಬ್ಯಾಟರಿ ಇಟ್ಟ. ಮನೋಹರ ಡ್ರೈವರ್ ಸೀಟಿನಿಂದ ಕತ್ತು ತಿರುಗಿಸಿ, "ಎಷ್ಟು ತಿಂಗ್ಳು ಕಣ್ಲಾ ನಿಂಗೆ?" ಎಂದ. ಪಕ್ಕದ ಟೈರಿನಂಗಡಿಯವರೂ ನಕ್ಕರು. ಅಲುಗಾಡಬೇಡಿ ಎಂದಿದ್ದರಿಂದ ಲೋಕೇಶ ಅಲುಗಾಡದೆ ಕೂತ. ಕಿಟಕಿಯಾಚೆ ಚಕ್ರದಿಂದ ಚಕ್ರಕ್ಕೆ ಎಳೆದ ದಾರ ಗಾಳಿಗೆ ಸಣ್ಣಗೆ ನಡುಗುತ್ತಿತ್ತು. ಬ್ಯಾಟರಿಯ ಭಾರಕ್ಕೆ ತೊಡೆ ಜೋಮು ಹಿಡಿಯತೊಡಗಿತು. ಅಣ್ಣನ ಕೈಗೆ ಆಗುವುದೂ ಹೀಗೆಯೇ ಇರಬಹುದೇ, ಇದ್ದೂ ಇಲ್ಲದ ಹಾಗೆ, ಎಂದು ಯೋಚಿಸಿದ. ಅಪ್ಪ ಕಡೆಯ ದಿನಗಳಲ್ಲಿ ಕೂರುತ್ತಿದ್ದದ್ದು ಇದೇ ಜಾಗ. ಕಾರು ಕೊಟ್ಟಿಗೆಯಲ್ಲೇ ನಿಂತಿರುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಅಪ್ಪ ಹಿಂದಿನ ಬಾಗಿಲು ತೆಗೆದು ಒಳಗೆ ಕೂತು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕಾಫಿಯನ್ನು ಅಲ್ಲಿಗೇ ಕೊಡಬೇಕಾಗಿತ್ತು. ಅದಕ್ಕೆ ಮೊದಲಿನ ಒಂದು ಬೆಳಿಗ್ಗೆ, ಹಾಲಿನ ಡೇರಿಯ ಮುಂದೆ, ಕ್ಯಾನು ಹಿಡಿದು ನಿಂತ ಅರ್ಧ ಊರಿನ ಎದುರಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಲೋಕೇಶ ಅಪ್ಪನ ಮುಖದ ಮುಂದೆ ಕೈಯೆತ್ತಿ ಹಿಡಿದು, "ಎಷ್ಟು ಬೆರಳು ಹೇಳಪ್ಪ" ಎಂದಿದ್ದ. ಅಪ್ಪ ಆ ಬೆಳಿಗ್ಗೆ ಯಾರದೋ ಕರುವಿಗೆ ಕಾರು ತಾಗಿಸಿದ್ದರು. ಮೂರು ಎಂದರು ಅಪ್ಪ. ಎರಡಿತ್ತು. ಡೇರಿಯ ಸೆಕ್ರೆಟರಿ ಕೆಂಚಯ್ಯ ಮಾತ್ರ ತಲೆ ತಗ್ಗಿಸಿದ, ಉಳಿದವರು ನಕ್ಕರು. ಲೋಕೇಶನೂ ನಕ್ಕಿದ್ದ, ಸಾಬೀತು ಮಾಡಿದವನ ನಗು. ಅಪ್ಪ ಅಲ್ಲೇ ಕೀ ತೆಗೆದು ಅವನ ಅಂಗೈಯಲ್ಲಿಟ್ಟು ನಡೆದುಕೊಂಡು ಮನೆಗೆ ಹೋದರು. ಆಮೇಲೆ ಸಾಯುವವರೆಗೂ ಅವನನ್ನು ಸಾಹೇಬ್ರು ಎಂದೇ ಕರೆದರು, ಕೋಪವಿಲ್ಲದೆ, ಸಾಹೇಬ್ರು ಊಟ ಮಾಡಿದ್ರಾ, ಸಾಹೇಬ್ರಿಗೆ ರಜವಾ. ಅಣ್ಣ ಆ ರಾತ್ರಿ ಹೇಳಿದ್ದು ಒಂದೇ ಮಾತು: "ಒಬ್ರೇ ಇದ್ದಾಗ ಹೇಳ್ಬೋದಾಗಿತ್ತು ಕಣ್ಲಾ." ಲೋಕೇಶ ಆ ಮಾತಿನಿಂದ ಕಲಿತದ್ದು ಒಬ್ಬರೇ ಇದ್ದಾಗ ಹೇಳುವುದನ್ನಲ್ಲ, ಹೇಳದೆ ಇರುವುದನ್ನು.

ದಾರ ಬಿಚ್ಚಿದರು. ಮುಂದಿನ ಎರಡು ಚಕ್ರಗಳನ್ನು ಕೂಡಿಸುವ ರಾಡನ್ನು ಇದ್ರೀಸ್ ಸ್ವಲ್ಪ ತಿರುಗಿಸಿದ. ಒಂದು ಕಡೆ ಚಕ್ರವನ್ನು ಹಿಡಿದ ಕಬ್ಬಿಣದ ತೋಳಿನ ಬುಡಕ್ಕೆ ತೆಳು ತಗಡೊಂದನ್ನು ಸೇರಿಸಿ ರಸಮಟ್ಟ ಹಿಡಿದು ನೋಡಿದ. ಮನೋಹರ ಎದುರಿನ ಹೋಟೆಲಿಗೆ ಟೀ ಹೇಳಲು ಹೋದ. ಇದ್ರೀಸ್ ಲೋಕೇಶನನ್ನು ಪಕ್ಕಕ್ಕೆ ಕೂರಿಸಿಕೊಂಡು ರಸ್ತೆಗೆ ಇಳಿದು, ಸ್ವಲ್ಪ ದೂರ ಹೋಗಿ, ರಸ್ತೆ ಮಟ್ಟಸವಾಗಿದ್ದ ಕಡೆ ಸ್ಟಿಯರಿಂಗಿನಿಂದ ಎರಡೂ ಕೈ ತೆಗೆದ. ಗಾಡಿ ನೇರ ಹೋಯಿತು.

"ಬರೋವಾಗ್ಲೂ ಹಿಂಗೇ ಇತ್ತು ಸಾರ್" ಎಂದ ಇದ್ರೀಸ್. "ನಾನು ಕೈ ಹಾಕಿದ್ದಕ್ಕೆ ಒಸಿ ನೈಸಾಯ್ತು, ಅಷ್ಟೆ. ಗಾಡಿದು ಏನಿಲ್ಲ."

"ಗೊತ್ತು."

ಇದ್ರೀಸ್ ಅವನ ಕಡೆ ನೋಡಿದ. "ಗೊತ್ತಿದ್ದು ಬಂದ್ರಾ?"

ಲೋಕೇಶ ರಸ್ತೆ ನೋಡುತ್ತಿದ್ದ. ಆಮೇಲೆ ತನ್ನ ಬಾಯಿಂದ ಬಂದದ್ದು ಅವನಿಗೇ ಬೇರೆ ಯಾರೋ ಆಡಿದಂತೆ ಕೇಳಿಸಿತು. ಬಲಗಡೆಯ ಚಕ್ರದ ತಲೆಯನ್ನು ಒಸಿ ಹೊರಕ್ಕೆ ವಾಲಿಸಿ ಕೊಡಿ, ಗಾಡಿ ಬಲಕ್ಕೆ ಎಳೀಲಿ, ಆಗ ಅಣ್ಣನ ಕೈಗೆ ನೇರ ಅನ್ನಿಸ್ತದೆ. ಹೇಳುತ್ತ ಹೇಳುತ್ತ ಅದು ಉಪಾಯವಾಗಿ, ಕರುಣೆಯಾಗಿ, ಕೊನೆಗೆ ಜಾಣತನವಾಗಿ ಕಂಡಿತು. ಮಗಳ ಹೆರಿಗೆ ಆಗಿಹೋಗಲಿ, ಆಮೇಲೆ ನಿಧಾನವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು.

"ಮಾಡಬಹುದು" ಎಂದ ಇದ್ರೀಸ್. "ಒಂದು ತಗಡಿನ ಕೆಲಸ. ಆದ್ರೆ ಸಾರ್, ಬೇರೆಯವರು ಓಡಿಸಿದ್ರೆ ಬಲಕ್ಕೆ ಲಾರಿ ಕೆಳಗೆ ಹೋಗ್ತದೆ. ನಿಮ್ಮಣ್ಣನ ಕೈ ಇನ್ನೂ ಒಸಿ ಕೆಟ್ರೆ ಆಗ ಏನ್ ಮಾಡ್ತೀರಿ, ಇನ್ನೊಂದು ತಗಡು ಹಾಕಿಸ್ತೀರಾ?"

"ಸದ್ಯಕ್ಕೆ ಹಾಕಿ."

"ನಾನು ಹೇಳೋದು ಹೇಳಿದೀನಿ" ಎಂದು ಇದ್ರೀಸ್ ಗಾಡಿ ತಿರುಗಿಸಿದ. ಮತ್ತೆ ಅವನು ತಮಾಷೆ ಮಾಡಲಿಲ್ಲ. ಟೀ ತಂದ ಮನೋಹರ, ಇನ್ನೂ ಏನೋ ಬಿಚ್ಚುತ್ತಿದ್ದಾರಲ್ಲ ಎಂದಾಗ, ಬಲಗಡೆ ಒಂದು ಸಣ್ಣ ದೋಷ ಸಿಕ್ಕಿತು ಎಂದು ಲೋಕೇಶನೇ ಹೇಳಿದ. ಮನೋಹರ ಗ್ಲಾಸನ್ನು ಎಡಗೈಯಲ್ಲಿ ಹಿಡಿದು, ಹಂಗೆ ಹೇಳು ಎಂದು ತಲೆದೂಗಿದ.

ವಾಪಸು ಬರುವಾಗ ಗಾಡಿ ಅಣ್ಣನ ಕೈಯಲ್ಲಿ ನೇರ ಹೋಯಿತು. ಜಲ್ಲಿ ರಾಶಿಗಳು ದೂರ ಉಳಿದವು. ಮನೋಹರ ಮೊದಮೊದಲು ನಂಬದೆ ಬಿಗಿಯಾಗಿ ಕೂತಿದ್ದು, ರಾಮನಗರ ದಾಟಿದ ಮೇಲೆ ಹೆಗಲು ಸಡಿಲಿಸಿ, ಸಣ್ಣಗೆ ಸಿಳ್ಳೆ ಹಾಕಿದ. ಕೆಂಗಲ್ಲಿನ ಹನುಮಂತರಾಯನ ಗುಡಿಯ ಮುಂದೆ ನಿಲ್ಲಿಸಿ ತೆಂಗಿನಕಾಯಿ ತೆಗೆದುಕೊಂಡ. ಒಡೆಯುವ ಕಲ್ಲಿನ ಹತ್ತಿರ ಒಂದು ಕ್ಷಣ ನಿಂತು, ನೀನೇ ಒಡಿ, ದೇವರ ಕಾಯಿ ಒಂದೇ ಏಟಿಗೆ ಒಡೀಬೇಕು ಎಂದು ತಮ್ಮನ ಕೈಗೆ ಕೊಟ್ಟ. ಲೋಕೇಶ ಒಡೆದ. ಮೆಟ್ಟಿಲ ಮೇಲೆ ಕೂತು ಅಣ್ಣ ಕಾಯಿಯ ಚೂರು ಅಗಿಯುತ್ತ, ಕಾರನ್ನು ನೋಡುತ್ತ, ಬೇರೆ ಯಾವುದೋ ದನಿಯಲ್ಲಿ ಮಾತಾಡಿದ.

"ನಿಜ ಹೇಳ್ಲಾ? ನಂಗೆ ಭಯ ಆಗಿತ್ತು ಕಣ್ಲಾ. ಗಾಡಿದಲ್ವೇನೋ, ನನ್ ಕೈದೇ ಏನೋ ಆಗೈತೆ ಅಂತ. ಒಂದೊಂದ್ ದಿನ ಈ ಕೈ ನಂದೇ ಅನ್ನಿಸಕಿಲ್ಲ. ನಿಮ್ಮತ್ತಿಗೆಗೆ ಹೇಳಿದ್ರೆ ಊಟ ಬುಟ್ಬುಡ್ತಾಳೆ. ನಿಂಗೆ ಹೇಳಾನ ಅಂದ್ರೆ ನೀನು ಕೆಲ್ಸದೋನು, ನಿಂಗ್ಯಾಕೆ ತಲೆನೋವು. ಇವತ್ತು ಗಾಡೀಲಿ ಏನೂ ಸಿಗ್ನಿಲ್ಲ ಅಂದ್ರೆ ನಾಳೆ ಮಂಡ್ಯದ ದೊಡ್ಡಾಸ್ಪತ್ರೆಗೆ ಹೋಗೋದು ಅಂತ ಮನಸ್ಸು ಮಾಡ್ಕಂಡೇ ಹೊರಟಿದ್ದೆ." ಅವನು ನಕ್ಕ. "ಆ ಸಾಬಿ ಬಲಗಡೆ ದೋಸ ಹಿಡ್ದ ನೋಡು. ಪುಣ್ಯಾತ್ಮ."

ಲೋಕೇಶ ಕೈಯಲ್ಲಿದ್ದ ಕಾಯಿಚೂರನ್ನು ನೋಡಿದ. ಈಗ ಹೇಳಬೇಕು. ಗುಡಿಯ ಮುಂದೆ ಜನ ಇರಲಿಲ್ಲ; ಹೂವಿನವಳೊಬ್ಬಳು ಕುಕ್ಕೆಯ ಮೇಲೆ ಒದ್ದೆ ಬಟ್ಟೆ ಮುಚ್ಚುತ್ತಿದ್ದಳು. ಒಬ್ಬರೇ ಇದ್ದಾಗ ಎಂದು ಅಣ್ಣ ಹೇಳಿದ್ದ ಸ್ಥಿತಿ ಇದಕ್ಕಿಂತ ಚೊಕ್ಕಟವಾಗಿ ಒದಗುವುದಿಲ್ಲ. ಆದರೆ ಈಗ ಹೇಳಬೇಕಾದ ಮಾತು ಬೆಳಗಿನ ಮಾತಾಗಿರಲಿಲ್ಲ. ಬೆಳಿಗ್ಗೆ ನಿನ್ನ ಕೈಯಲ್ಲಿ ಶಕ್ತಿ ಇಲ್ಲ ಎಂದರೆ ಸಾಕಿತ್ತು. ಈಗ ನಾನು ನಿನಗೆ ಮೋಸ ಮಾಡಿದ್ದೇನೆ ಎಂದೂ ಸೇರಿಸಬೇಕು. ಎರಡನೆಯದಿಲ್ಲದೆ ಮೊದಲನೆಯದನ್ನು ಹೇಳುವ ದಾರಿಯನ್ನು ಅವನು ಹುಡುಕುತ್ತಿರುವಾಗ ಅಣ್ಣ ಎದ್ದು ಪಂಚೆ ಕೊಡವಿ ಕೀಯನ್ನು ಅವನ ಕಡೆ ಎಸೆದ.

"ತಕ, ನೀನೂ ಒಸಿ ಓಡ್ಸು. ಎಂಗಾಗೈತೆ ನೋಡು."

ಬೇಡ ಎನ್ನಲು ಕಾರಣ ಸಿಗಲಿಲ್ಲ. ಲೋಕೇಶ ಹೊರಟ. ಕಾರು ಮೊದಲ ತಿರುವಿನಲ್ಲೇ ಬಲಕ್ಕೆ ಜಗ್ಗಿತು. ಅವನು ಎರಡೂ ಕೈಯಿಂದ ಎಡಕ್ಕೆ ಹಿಡಿದು, ಹಿಡಿದದ್ದು ಕಾಣದಂತೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಮುಖವನ್ನು ಸಡಿಲವಾಗಿ ಇಟ್ಟುಕೊಂಡ. ಎದುರಿನಿಂದ ಬಸ್ಸು ಬಂದಾಗ ಸ್ಟಿಯರಿಂಗನ್ನು ಇನ್ನಷ್ಟು ಎಡಕ್ಕೆ ತಡೆದ. ಇದು ಕೈ ಸರಿಯಿದ್ದವನ ಅವಸ್ಥೆ. ಅಣ್ಣ ಇಷ್ಟು ತಿಂಗಳು ಇನ್ನೊಂದು ದಿಕ್ಕಿಗೆ ಇದನ್ನೇ ಮಾಡಿಕೊಂಡು ಬಂದಿದ್ದ, ಯಾರಿಗೂ ಕಾಣದಂತೆ. ಮನೋಹರ ಪಕ್ಕದಲ್ಲಿ ಕಾಲು ನೀಡಿ ಕೂತಿದ್ದ. "ಹೂವಿನಂಗೆ ಹೋಯ್ತಾ ಐತೆ ಅಲ್ವಾ?"

"ಹೂಂ ಅಣ್ಣ."

ಚನ್ನಪಟ್ಟಣ ಇನ್ನೂ ಸ್ವಲ್ಪ ದೂರ ಇರುವಾಗ ಹೊಸದಾಗಿ ಡಾಂಬರು ಹಾಕಿ ಇನ್ನೂ ಓಡಾಟಕ್ಕೆ ಬಿಡದ ರಸ್ತೆಯ ತುಂಡೊಂದು ಸಿಕ್ಕಿತು. ಅಡ್ಡ ಇಟ್ಟಿದ್ದ ಕಲ್ಲುಗಳನ್ನು ಯಾರೋ ಸರಿಸಿದ್ದರು. ಮನೋಹರನಿಗೆ ಹುಡುಗಾಟ ಬಂತು. ಅದರ ಮೇಲೆ ಹೋಗು ಎಂದ. ಹೋದ ಮೇಲೆ, "ಈಗ ಕೈ ಬುಡು" ಎಂದ.

"ಯಾಕಣ್ಣ, ಸುಮ್ನೆ."

"ಬುಡ್ಲಾ, ನೋಡಾನ. ಗಾಡಿ ನೆಟ್ಟಗೈತೋ ಇಲ್ವೋ ಗೊತ್ತಾಗೋದೇ ಅಂಗೆ."

"ಲಾರಿ ಬತ್ತೈತೆ."

"ಎಲ್ಲೈತೆ ಲಾರಿ? ಬುಡು ಅಂದ್ರೆ."

ರಸ್ತೆ ಕಪ್ಪಗೆ, ಖಾಲಿಯಾಗಿ, ಮಟ್ಟಸವಾಗಿತ್ತು. ಲೋಕೇಶ ಕೈ ಬಿಟ್ಟ. ಬೇಕೆಂದೇ ಬಿಟ್ಟನೋ, ಹೇಳಿದ್ದಕ್ಕೆ ಬಿಟ್ಟನೋ ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ತಿಳಿಯಲಿಲ್ಲ. ಕಾರು ಮೆಲ್ಲಗೆ, ಆಮೇಲೆ ನಿರ್ಧಾರ ಮಾಡಿದಂತೆ, ಬಲಕ್ಕೆ ತಿರುಗಿತು. ರಸ್ತೆಯ ಅಂಚು ಬಂತು, ಅಂಚಿನಾಚೆ ತೋಡಿದ ಮಣ್ಣು. ಮನೋಹರ ಸ್ಟಿಯರಿಂಗು ಹಿಡಿಯಲು ಕೈ ಚಾಚಿದ. ಹತ್ತಿರವಿದ್ದದ್ದು ಬಲಗೈ. ಅದು ಅರ್ಧ ದಾರಿ ಬಂದು ಲೋಕೇಶನ ಮಂಡಿಯ ಮೇಲೆ ಬಿತ್ತು. ಲೋಕೇಶ ಬ್ರೇಕು ತುಳಿದ.

ಎಂಜಿನು ನಿಂತುಹೋಗಿತ್ತು. ಅಣ್ಣನ ಕೈ ಇನ್ನೂ ಮಂಡಿಯ ಮೇಲೇ ಇತ್ತು. ಭಾರವಾಗಿತ್ತು, ಬೆಚ್ಚಗಿತ್ತು. ಮನೋಹರ ಅದನ್ನು ನೋಡಿದ, ಮುಂದಿನ ಗಾಜಿನಾಚೆ ಅಡ್ಡ ತಿರುಗಿದ ರಸ್ತೆಯನ್ನು ನೋಡಿದ. ಗಾಡಿಯ ವಿಷಯ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನೀನೇ ಹೇಳಿ ಮಾಡ್ಸಿದ್ದಾ?"

"ಹೂಂ."

"ಎಷ್ಟು ದಿನದಿಂದ ಗೊತ್ತಿತ್ತು?"

"ಮದ್ದೂರಿಗೆ ಹೋಗಿದ್ವಲ್ಲ, ಆವತ್ತಿಂದ."

"ನಿಮ್ಮತ್ತಿಗೆಗೆ?"

"ಗೊತ್ತು."

"ಆ ಸಾಬಂಗೆ?"

ಲೋಕೇಶ ಹೌದೆಂದು ತಲೆಯಾಡಿಸಿದ. ಮನೋಹರ ಎಡಗೈಯಿಂದ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ, ನಿದ್ದೆ ಹೋದ ಮಗುವನ್ನು ಎತ್ತಿಡುವ ಹಾಗೆ. "ಸರಿ ಬುಡು" ಎಂದ. "ನಂಗೊಬ್ಬಂಗೆ ಗೊತ್ತಿರ್ನಿಲ್ಲ."

ಅಪ್ಪನ ಡೇರಿಯ ಬೆಳಗಿನ ಮಾತು ಎತ್ತಬೇಕೆಂದು ಲೋಕೇಶನಿಗೆ ಬಾಯಿಗೆ ಬಂತು. ಒಬ್ಬರೇ ಇದ್ದಾಗ ಎಂದದ್ದು ನೀನೇ ಅಲ್ಲವೇ, ಆ ಮಾತಿಗೆ ಹೆದರಿಯೇ ಅಲ್ಲವೇ ನಾನು. ಎಲ್ಲರೆದುರು ಹೇಳಿದ್ದು ಒಂದು ಅವಮಾನವಾದರೆ ಎಲ್ಲರೂ ಸೇರಿ ಹೇಳದಿದ್ದದ್ದು ಇನ್ನೊಂದು. ಎರಡನ್ನೂ ಮಾಡಿದವನು ತಾನೊಬ್ಬನೇ. ಅಣ್ಣ ಆಗಲೇ ಬಾಗಿಲು ತೆಗೆದು ಇಳಿದಿದ್ದ.

ಹಳೆಯ ರಸ್ತೆಯ ಪಕ್ಕದಲ್ಲಿ ಒಂದು ಬಸ್ ಸ್ಟಾಪಿತ್ತು. ಮನೋಹರ ಅಗೆದ ಮಣ್ಣು ದಾಟಿ ಅಲ್ಲಿಗೆ ನಡೆದ. ಲೋಕೇಶ ಹಿಂದೆಯೇ ಓಡಿದ. "ನಾನೂ ಬತ್ತೀನಿ ಅಣ್ಣ."

"ನೀನೆಲ್ಲಿಗೆ ಬತ್ತೀಯ? ಗಾಡಿ ತಿರುಗ್ಸು. ಸಾಬನ ತಾವ ಹೋಗಿ ಆ ತಗಡು ತೆಗೆಸ್ಬುಟ್ಟು, ನಿನ್ನ ಕೈಗೆ ಸರಿಯಾಗಿ ನೆಟ್ಟಗೆ ಮಾಡ್ಸು. ನವ್ಯನ ಕರ್ಕಂಡೋಗೋನು ಇನ್ಮೇಲೆ ನೀನೇ. ಇಂಥ ಗಾಡೀಲಿ ಅವಳ್ನ ಕೂರಿಸ್ಬೇಡ." ದನಿಯಲ್ಲಿ ಸಿಟ್ಟಿರಲಿಲ್ಲ. ಗದ್ದೆಗೆ ನೀರು ಯಾವಾಗ ಬಿಡಬೇಕೆಂದು ಹೇಳುವ ದನಿ. ಸಿಟ್ಟಿದ್ದರೆ ಲೋಕೇಶ ಅದನ್ನು ಹಿಡಿದುಕೊಂಡು ನಿಲ್ಲಬಹುದಾಗಿತ್ತು.

ಬೆಂಗಳೂರಿನ ಕಡೆಯಿಂದ ಬಸ್ಸು ಬಂತು. ಮಂಡ್ಯದ ಬೋರ್ಡು. ಮನೋಹರ ಎಡಗೈ ಎತ್ತಿದ. ಬಾಗಿಲಿನ ಕಂಬಿಗೆ ಅಭ್ಯಾಸದಂತೆ ಬಲಗೈಯೇ ಹೋಯಿತು, ಜಾರಿತು. ಕಂಡಕ್ಟರು ಅವನ ರಟ್ಟೆ ಹಿಡಿದು ಒಳಗೆಳೆದುಕೊಂಡ. ದಾರಿಗೆ ಅಡ್ಡ ಬಂದ ಜಲ್ಲಿಯ ಟ್ರ್ಯಾಕ್ಟರು ಸರಿಯುವವರೆಗೆ ಬಸ್ಸು ನಿಂತೇ ಇತ್ತು. ಲೋಕೇಶ ಕೆಳಗೆ ನಿಂತು ಕಿಟಕಿ ನೋಡುತ್ತಿದ್ದ. ಅಣ್ಣ ಇತ್ತ ತಿರುಗಲಿಲ್ಲ. ಕಂಡಕ್ಟರು ಟಿಕೆಟ್ಟಿಗೆ ಬಂದಾಗ ಅವನು ಎದೆಯ ಎಡಗಡೆಯ ಜೇಬಿಗೆ ಎಡಗೈಯನ್ನೇ ಮಡಿಸಿ ತೂರಿಸಲು ನೋಡಿದ. ಬೆರಳು ಜೇಬಿನ ಬಾಯಿಗೆ ಸಿಗುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ, ತಲೆಗೆ ಟವೆಲು ಸುತ್ತಿದ್ದ ಮುದುಕನೊಬ್ಬ, ಕೇಳದೆಯೇ, ಎರಡು ಬೆರಳು ಹಾಕಿ ನೋಟು ತೆಗೆದು ಕಂಡಕ್ಟರಿಗೆ ಕೊಟ್ಟ. ಅಣ್ಣ ಬೇಡವೆನ್ನಲಿಲ್ಲ. ಮುದುಕನ ಕಡೆ ಬಾಗಿ ಏನೋ ಹೇಳತೊಡಗಿದ. ಮುದುಕ ಹೌದಾ ಎಂಬಂತೆ ಹುಬ್ಬೇರಿಸಿದ. ಬಸ್ಸು ಹೊರಟಾಗ ಅಣ್ಣ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ಆ ಮುದುಕನಿಗೆ ತೋರಿಸುತ್ತಿದ್ದ.